ನಾನು ಕಣ್ಣಾರೆ ಕಂಡ ಎಸೆತ

ಈಗ ಹೇಳಲು ಹೊರಟಿರುವ ಸಂಗತಿ ನಡೆದದ್ದು ನಿಜವೋ, ನಡೆದಿದೆ ಎಂದು ನಾನು ನಂಬಿಕೊಂಡದ್ದು ಮಾತ್ರ ನಿಜವೋ, ನನಗೆ ಖಚಿತವಿಲ್ಲ. ಹೀಗೆ ಶುರು ಮಾಡಿದರೆ ಓದುವವರು ಪುಟ ಮಗುಚುತ್ತಾರೆ ಎಂದು ಗೊತ್ತಿದೆ. ಆದರೆ ವಿಶ್ವವಿದ್ಯಾನಿಲಯದಲ್ಲಿ ತರ್ಕಶಾಸ್ತ್ರ ಓದಿ, ಪುತ್ತೂರಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೆ ಅದನ್ನೇ ಪಾಠ ಮಾಡಿದವನಿಗೆ ಸಂಶಯ ಎನ್ನುವುದು ಸಕ್ಕರೆ ಕಾಯಿಲೆಯ ಹಾಗೆ. ಒಮ್ಮೆ ಬಂದರೆ ಹೋಗುವುದಿಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಅಷ್ಟೆ. ಆಲಂಕಾರಿನ ನಮ್ಮ ಮನೆಯಿಂದ ಕಡಬಕ್ಕೆ ಹೊರಟವನು ಬಸ್ಸು ಹತ್ತಿದ ಮೇಲೆ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಇಳಿದು ವಾಪಸು ಬಂದದ್ದುಂಟು. ಬಂದು ನೋಡಿದರೆ ಹೆಂಡತಿ ಸರೋಜ ಅದೇ ಗ್ಯಾಸಿನ ಮುಂದೆ ನಿಂತು ಸಾರು ಕುದಿಸುತ್ತಿದ್ದಳು. ಅವಳು ಮನೆಯಲ್ಲೇ ಇದ್ದಾಳೆ ಎಂಬುದನ್ನೇ ನಾನು ಮರೆತಿದ್ದೆ. ಸುಳ್ಯದ ಕಡೆಯ ಗೌಡರ ಮಗಳಾದ ಅವಳು ಸಿಟ್ಟು ಬಂದಾಗ ಮಾತ್ರ ತವರಿನ ಅರೆಭಾಷೆಗೆ ಇಳಿಯುತ್ತಾಳೆ. ಆ ದಿನ ಇಳಿದಿದ್ದಳು.

ಇಂಥ ನಾನು ಜೀವನದಲ್ಲಿ ಒಂದೇ ಒಂದು ವಿಷಯವನ್ನು ಯಾವತ್ತೂ ಸಂಶಯಿಸಿರಲಿಲ್ಲ. ಓದು ಮುಗಿಸಿದ ಹೊಸತರಲ್ಲಿ, ಬೆಂಗಳೂರಿಗೆ ಹೋಗಿ, ಒಂದು ಟೆಸ್ಟ್ ಪಂದ್ಯದಲ್ಲಿ, ಜಗತ್ತಿನ ಅತಿ ದೊಡ್ಡ ವೇಗದ ಬೌಲರ್ ಎಸೆದ ಒಂದು ಎಸೆತವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೆಂಡು ಆಫ್ ಸ್ಟಂಪಿನ ಹೊರಗೆ ಬಿತ್ತು. ದಾಂಡಿಗ ಬಿಟ್ಟುಬಿಡಲೆಂದು ಬ್ಯಾಟು ಎತ್ತಿದ. ಚೆಂಡು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಒಳಗೆ ಬಂತು. ಸ್ಟಂಪು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾ ಕೀಪರನ ಕಾಲ ಬುಡಕ್ಕೆ ಹೋಗಿ ಬಿತ್ತು. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೆ ಎಂದರೆ ನಮ್ಮ ನಾಯಿಗೂ ಬಾಯಿಪಾಠ ಬಂದಿರಬೇಕು. 'ಆಫ್ ಸ್ಟಂಪು' ಎನ್ನುವಾಗ ಎದ್ದು ಹೊರಗೆ ಹೋಗುತ್ತದೆ.

ಇದನ್ನು ಬಡಾಯಿ ಎಂದುಕೊಳ್ಳಬೇಡಿ. ನಮ್ಮ ಕಡೆ ಇಂಥ ಸಾಕ್ಷಿಗೆ ಇರುವ ಬೆಲೆ ಬೇರೆ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ. ಪುತ್ತೂರು, ಸುಳ್ಯ, ಕಡಬ ಎಲ್ಲಿ ಹೋದರೂ ಭಾನುವಾರ ನಡೆಯುವುದು ಅಂಡರ್ ಆರ್ಮ್ ಕ್ರಿಕೆಟ್ಟು. ಸಣ್ಣ ಅಂಗಳ, ಸುತ್ತ ತೋಟ, ಚೆಂಡು ಆಚೆ ಹೋದರೆ ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಹಾಗಾಗಿ ಬೌಲರ್ ಕೈಯನ್ನು ಸೊಂಟದಿಂದ ಮೇಲೆ ತರಬಾರದು. ತಂದರೆ ನೋಬಾಲ್. ಹೀಗೆ ತಲೆಮಾರುಗಳೇ ಕ್ರಿಕೆಟ್ಟಿಗೆ ಪ್ರಾಣ ಬಿಡುತ್ತಾ, ಬಹುಮಾನದ ಕಪ್ಪುಗಳನ್ನು ಶೋಕೇಸಿನಲ್ಲಿ ಜೋಡಿಸುತ್ತಾ, ಒಬ್ಬ ವೇಗದ ಬೌಲರನನ್ನು ಎದುರಿನಿಂದ ನೋಡದೆಯೇ ಬದುಕಿವೆ. ಅಂಥ ಸೀಮೆಯಲ್ಲಿ ಟೆಸ್ಟ್ ಪಂದ್ಯದ ವೇಗವನ್ನು ಖುದ್ದು ಕಂಡವನೆಂದರೆ ಒಂದು ಮರ್ಯಾದೆ. ಟೂರ್ನಮೆಂಟಿನ ಉದ್ಘಾಟನೆಗೆ ನನ್ನನ್ನು ಕರೆಯುವುದು ನಾನು ತರ್ಕಶಾಸ್ತ್ರದ ಮೇಷ್ಟ್ರು ಎಂದಲ್ಲ. ನಿರೂಪಕರು ಮೈಕಿನಲ್ಲಿ, "ಟೆಸ್ಟ್ ಮ್ಯಾಚನ್ನು ಕಣ್ಣಾರೆ ಕಂಡವರು" ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ಕೈಯನ್ನು ಸೊಂಟದಿಂದ ಮೇಲೆ ತಾರದೆ ಒಂದು ಚೆಂಡು ಉರುಳಿಸಿ ಉದ್ಘಾಟಿಸುತ್ತೇನೆ.

ಆ ಬೌಲರನ ಹೆಸರು ಏನು ಎಂದು ಕೇಳುತ್ತೀರಿ. ಹೇಳುವುದಿಲ್ಲ. ಹೇಳಿದರೆ ನಮ್ಮ ಅಂಗಡಿಯ ಜಗಳ ನಿಮ್ಮ ಮನೆಗೂ ಬರುತ್ತದೆ. ಅದಲ್ಲದೆ ನಮ್ಮಲ್ಲಿ ಯಾರನ್ನೂ ಇಟ್ಟ ಹೆಸರಿನಿಂದ ಕರೆಯುವ ಪದ್ಧತಿಯಿಲ್ಲ. ಮನೆಯ ಹೆಸರೋ, ಮೈಕಟ್ಟೋ, ಎಂದೋ ಮಾಡಿದ ಒಂದು ಅವಾಂತರವೋ ಅವನ ಹೆಸರಾಗುತ್ತದೆ. ದೂರ ದೇಶದ ಬೌಲರುಗಳಿಗೂ ಅದೇ ಗತಿಯಾಗಿದೆ. ನನ್ನ ಬೌಲರ್ ಆಳೆತ್ತರಕ್ಕಿಂತ ಹೆಚ್ಚು, ತೆಳ್ಳಗೆ, ಓಡಿ ಬರುವಾಗ ಗಾಳಿಗೆ ಅಡಿಕೆ ಮರ ಬಾಗಿದ ಹಾಗೆ ಬಾಗುತ್ತಿದ್ದ. ನಮ್ಮಲ್ಲಿ ಅಡಿಕೆ ಮರಕ್ಕೆ ಕಂಗು ಎನ್ನುತ್ತಾರೆ. ಹಾಗಾಗಿ ಅವನು ಕಂಗು. ಇನ್ನೊಬ್ಬನಿದ್ದಾನೆ, ನಮ್ಮ ದೇಶದವನೇ, ಮೀಸೆ. ಅವನಿಗೆ ಮೀಸೆಯಿತ್ತು. ಹೆಸರಿಡುವಾಗ ನಾವು ಹೆಚ್ಚು ಯೋಚಿಸುವವರಲ್ಲ.

ಕಂಗು ಮತ್ತು ಮೀಸೆ, ಇವರಲ್ಲಿ ಯಾರು ದೊಡ್ಡವನು? ಆಲಂಕಾರು ಪೇಟೆಯಲ್ಲಿ ಹಸನಬ್ಬನ ಚಪ್ಪಲಿ ಅಂಗಡಿಯ ಎದುರಿನ ಬೆಂಚಿನಲ್ಲಿ ಈ ಪ್ರಶ್ನೆ ಬೆಳಗ್ಗೆ ಶುರುವಾಗಿ, ಮಧ್ಯಾಹ್ನ ಊಟಕ್ಕೆ ನಿಂತು, ಸಂಜೆ ಮುಂದುವರಿಯುತ್ತದೆ. ಥೇಟು ಟೆಸ್ಟ್ ಪಂದ್ಯದ ಹಾಗೆಯೇ. ನಾನು ಕಂಗಿನ ಕಡೆ. ಹಸನಬ್ಬ ಮೀಸೆಯ ಕಡೆ. ಹಸನಬ್ಬ ನನ್ನ ಸಹಪಾಠಿ. ಓದು ಮುಗಿದ ಮೇಲೆ ಗಲ್ಫಿಗೆ ಹೋಗಿ, ಅಲ್ಲಿ ಕಟ್ಟಡದ ಕೆಲಸದಿಂದ ಶುರು ಮಾಡಿ, ಆಮೇಲೆ ಸ್ವಂತ ವ್ಯಾಪಾರಕ್ಕೆ ಏರಿ, ತಲೆ ಬೆಳ್ಳಗಾದ ಮೇಲೆ ಊರಿಗೆ ಬಂದು ಅಂಗಡಿ ಹಾಕಿದವನು. ಮಾತಿನಲ್ಲಿ ಅವನನ್ನು ಸೋಲಿಸಲು ನನ್ನ ತರ್ಕಶಾಸ್ತ್ರ ಸಾಲುವುದಿಲ್ಲ, ಏಕೆಂದರೆ ಅವನು ಮಾತಿನ ನಡುವೆ ಗಿರಾಕಿಗೆ ಚಪ್ಪಲಿ ಹಾಕಿಸಲು ಎದ್ದು ಹೋಗುತ್ತಾನೆ, ಬರುವಾಗ ಹೊಸ ವಾದದೊಂದಿಗೆ ಬರುತ್ತಾನೆ.

ನನ್ನ ವಾದ ಸರಳ. ಕಂಗು ಆಡಿದ್ದು ಮೀಸೆಯಷ್ಟು ವರ್ಷವಲ್ಲ, ನಿಜ. ಆದರೆ ಆಡಿದಷ್ಟು ಕಾಲ ಒಂದೊಂದು ವಿಕೆಟ್ಟಿಗೆ ಅವನು ಕೊಟ್ಟ ರನ್ನು ನೋಡಿದರೆ ಜಿಪುಣ ಎನ್ನಬೇಕು. ದಾಂಡಿಗರು ಅವನನ್ನು ಕನಸಿನಲ್ಲೂ ಆಡುತ್ತಿದ್ದರು, ಅಲ್ಲಿಯೂ ಔಟಾಗುತ್ತಿದ್ದರು. ಹಸಿರು ಪಿಚ್ಚಿರಲಿ, ಬೋಳು ಪಿಚ್ಚಿರಲಿ, ಅವನು ದೂರು ಹೇಳಿದ್ದಿಲ್ಲ. ಬೈದದ್ದಿಲ್ಲ, ದಾಂಡಿಗನನ್ನು ದುರುಗುಟ್ಟಿದ್ದೂ ಇಲ್ಲ. ವಿಕೆಟ್ಟು ಬಿದ್ದರೆ ಮನೆಗೆ ಬಂದ ನೆಂಟ ಹೊರಟು ನಿಂತಾಗ ನಗುವಷ್ಟೇ ನಗು.

ಹಸನಬ್ಬ ಇದನ್ನೆಲ್ಲ ಒಪ್ಪುತ್ತಾನೆ. ಒಪ್ಪಿ ಹೇಳುತ್ತಾನೆ: "ನೋಡು ಮಾರಾಯ, ನಿನ್ನ ಕಂಗಿಗೆ ಆ ಕಡೆಯಿಂದ ಬೌಲ್ ಮಾಡ್ಲಿಕ್ಕೆ ಅವನಂಥವರೇ ಇನ್ನು ಮೂರು ಜನ ಇದ್ರು. ಇವ ಸುಸ್ತಾದ್ರೆ ಅವ. ಮೀಸೆಗೆ ಯಾರಿದ್ರು? ಯಾರೂ ಇಲ್ಲ. ಬೆಳಗ್ಗೆ ಹೊಸ ಚೆಂಡು ಅವನಿಗೆ, ಮಧ್ಯಾಹ್ನ ಹಳೇ ಚೆಂಡು ಅವನಿಗೆ, ಸಾಯಂಕಾಲ ಬ್ಯಾಟು ಕೂಡ ಅವನಿಗೆ. ಪಿಚ್ಚು ನೋಡಿದ್ರೆ ಸಗಣಿ ಸಾರಿಸಿದ ಅಂಗಳ. ಅದ್ರಲ್ಲಿ ವರ್ಷ ವರ್ಷ ಓಡಿ ಬಂದ, ಒಂದು ದಿನ ಸೊಂಟ ಹಿಡಿದು ಕೂತದ್ದಿಲ್ಲ. ಬಿಸಿಲಲ್ಲಿ ಅಷ್ಟು ವರ್ಷ ದುಡಿಯುದು ಅಂದ್ರೆ ಎಂತ ಅಂತ ನಿನಗೆ ಗೊತ್ತುಂಟಾ? ನೀನು ಫ್ಯಾನಿನಡಿ ಪಾಠ ಮಾಡಿದವ."

ಬಿಸಿಲೆಂದರೆ ಏನೆಂದು ಅವನಿಗೆ ಗೊತ್ತು. ಮೀಸೆಯ ಬಗ್ಗೆ ಹೇಳುವಾಗ ಅವನು ಅರ್ಧ ಮೀಸೆಯ ಬಗ್ಗೆ ಹೇಳುತ್ತಾನೆ, ಅರ್ಧ ಬೇರೆ ಯಾರ ಬಗ್ಗೆಯೋ ಹೇಳುತ್ತಾನೆ ಎಂದು ನನಗೆ ಅನ್ನಿಸುವುದುಂಟು. ಆದ್ದರಿಂದ ಇಂಥ ಹೊತ್ತಿನಲ್ಲಿ ನಾನು ನನ್ನ ಕೊನೆಯ ಅಸ್ತ್ರ ತೆಗೆಯುತ್ತಿದ್ದೆ. "ಅದೆಲ್ಲ ಸರಿ. ಆದರೆ ಆ ಎಸೆತ ನಾನು ಕಣ್ಣಾರೆ ಕಂಡಿದ್ದೇನೆ."

ಇಲ್ಲೊಂದು ತೊಡಕಿದೆ. ಆ ಪಂದ್ಯಕ್ಕೆ ನಾನು ಒಬ್ಬನೇ ಹೋದದ್ದಲ್ಲ. ಹಸನಬ್ಬನೂ ಬಂದಿದ್ದ. ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಹೋದದ್ದು ಇಬ್ಬರೂ. ಅದಾದ ಮೇಲೆ ಅವನು ಗಲ್ಫಿಗೆ ಹೋದ. ಹಾಗಾಗಿ ನನ್ನ ಎಸೆತದ ಕತೆ ಇಷ್ಟು ದೀರ್ಘ ಕಾಲ ಪ್ರತಿಸಾಕ್ಷಿಯಿಲ್ಲದೆ ಸುಖವಾಗಿ ಬೆಳೆಯಿತು. ಅವನು ಊರಿಗೆ ಮರಳಿ, ಅಂಗಡಿ ಹಾಕಿ, ಬೆಂಚಿನಲ್ಲಿ ಕುಳಿತವರ ನಡುವೆ ಮೊದಲ ಸಲ ಕತೆಯನ್ನು ಪೂರ್ತಿ ಕೇಳಿದಾಗ, ಒಂದು ಜೋಡಿ ಹವಾಯಿ ಚಪ್ಪಲಿಯ ಧೂಳು ಒರೆಸುತ್ತಾ, ಬಹಳ ಸಾದಾ ದನಿಯಲ್ಲಿ ಹೇಳಿದ:

"ಕಂಬ ಇತ್ತಲ್ಲ ಮಾರಾಯ."

"ಯಾವ ಕಂಬ?"

"ನಮ್ಮ ಎದುರು. ಇಷ್ಟು ದಪ್ಪದ ಕಂಬ. ಕಂಗು ಓಡಿ ಬರುದು ಕಾಣ್ತಿತ್ತು. ಕೈ ಎತ್ತುವಾಗ ಕಂಬದ ಹಿಂದೆ ಹೋಗ್ತಿದ್ದ. ಆಮೇಲೆ ಜನ ಬೊಬ್ಬೆ ಹಾಕಿದ್ರು. ನಾವೂ ಹಾಕಿದೆವು. ಬಾಲು ಎಲ್ಲಿ ಕಂಡಿತು ನಿನಗೆ?"

ಬೆಂಚು ನಕ್ಕಿತು. ನಾನೂ ನಕ್ಕೆ, ಆದರೆ ನನ್ನ ನಗುವಿನಲ್ಲಿ ಹಲ್ಲು ಮಾತ್ರ ಇತ್ತು. ಹಸನಬ್ಬನ ನೆನಪು ಅಷ್ಟೇನೂ ನಂಬಿಕೆಗೆ ಅರ್ಹವಲ್ಲ ಎಂದು ನಾನು ಆ ಕೂಡಲೇ ಸಾಧಿಸಿ ತೋರಿಸಿದೆ. ಆ ದಿನ ಅವನ ಉಮ್ಮ ಕಟ್ಟಿಕೊಟ್ಟ ಬುತ್ತಿಯಲ್ಲಿ ಕೋಳಿ ಸಾರು, ಅಕ್ಕಿಯ ಪತ್ತಿರ್ ರೊಟ್ಟಿ ಇತ್ತು ಎನ್ನುತ್ತಾನೆ. ನಾವು ತಿಂದದ್ದು ನನ್ನ ಅಮ್ಮ ಬಾಳೆಲೆಯಲ್ಲಿ ಬೇಯಿಸಿ ಕಟ್ಟಿಕೊಟ್ಟ ಕೊಟ್ಟಿಗೆ ಕಡುಬು ಮತ್ತು ಚಟ್ನಿ. ನಮ್ಮ ಬಲಕ್ಕೆ ನೀರಿನ ನಳ್ಳಿ ಇತ್ತು, ಅದು ಇಡೀ ದಿನ ತೊಟ್ಟಿಕ್ಕುತ್ತಿತ್ತು ಎನ್ನುತ್ತಾನೆ. ನಳ್ಳಿ ಇರಲಿಲ್ಲ; ಬಾಯಾರಿ ಸತ್ತದ್ದು ನನಗೆ ನೆನಪಿದೆ. ನಮ್ಮಿಬ್ಬರ ನೆನಪು ಕೂಡಿ ಬರುವುದು ಒಂದೇ ಜಾಗದಲ್ಲಿ: ಬಸ್ಸಿನ ಕುಲುಕಾಟಕ್ಕೆ ಬೆನ್ನು ಮುರಿದಿದ್ದರಿಂದ ಆಸನಗಳ ಸಾಲು ಮುಗಿಯುವಲ್ಲಿ, ತುತ್ತತುದಿಯ ಮೂಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದೆವು. ಗೋಡೆ ಇಬ್ಬರಿಗೂ ಉಂಟು. ಕಂಬ ಅವನಿಗೆ ಮಾತ್ರ.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಎಸೆತವನ್ನು ನೆನೆಸಿಕೊಳ್ಳಲು ಕಣ್ಣು ಮುಚ್ಚಿದರೆ ಕಂಗು ಓಡಿ ಬರುತ್ತಾನೆ, ಕೈ ಎತ್ತುತ್ತಾನೆ, ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಂಬ ಬಂದು ನಿಲ್ಲುತ್ತದೆ. ಅದು ಮೊದಲೇ ಇತ್ತೋ, ಹಸನಬ್ಬ ಹೇಳಿದ ಮೇಲೆ ಬಂದದ್ದೋ? ಕಂಬ ಬೇಡವೆಂದು ತಲೆ ಕೊಡವಿದರೆ ಕಂಗುವೂ ಹೋಗುತ್ತಾನೆ. ಹೀಗಾಗಿ ಒಮ್ಮೆ ನಾನು ಬೆಂಚಿನಲ್ಲಿ, ಚೆಂಡು ಒಳಗೆ ಬಂತು ಎನ್ನುವ ಬದಲು ಹೊರಗೆ ಹೋಯಿತು ಎಂದು ಹೇಳಿಬಿಟ್ಟೆ. ಹಸನಬ್ಬ ಹುಬ್ಬು ಎತ್ತಿದ. ಆ ಹುಬ್ಬಿನ ಮೇಲೆ 'ಕಂಬ' ಎಂದು ಬರೆದಿತ್ತು.

ಇದೆಲ್ಲ ಬೆಂಚಿನಲ್ಲೇ ಮುಗಿಯುತ್ತಿತ್ತು, ನಮ್ಮ ವಾಚನಾಲಯದ ಕಾರ್ಯದರ್ಶಿ ಪದ್ಮನಾಭ ಗೌಡರು ಇಲ್ಲದಿದ್ದರೆ. ವಾಚನಾಲಯದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ತಾಳಮದ್ದಳೆ ಇರುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಬಿಳಿ ಪಂಚೆ ಉಟ್ಟು ಎದುರೆದುರು ಕುಳಿತು, ತಾವೇ ಆ ಪುರಾಣದ ಪಾತ್ರಗಳಾಗಿ, 'ನಾನು' ಎಂದೇ ವಾದಿಸುತ್ತಾರೆ. ನಮ್ಮ ಕಡೆಯವರು ಬಾಯಿಗೆ ಬಂದದ್ದನ್ನು ಚೆಂದ ಮಾಡಿ ಹೇಳಲು ಕಲಿತದ್ದು ಶಾಲೆಯಲ್ಲಲ್ಲ, ಇಲ್ಲಿ. ಆದರೆ ಈಗೀಗ ಪ್ರಾಯದವರು ಬರುವುದಿಲ್ಲ ಎಂದು ಪದ್ಮನಾಭ ಗೌಡರಿಗೆ ಚಿಂತೆ. ಒಂದು ದಿನ ಚಪ್ಪಲಿಯ ಉಂಗುಷ್ಟ ಕಿತ್ತು ಅಂಗಡಿಗೆ ಬಂದವರು ನಮ್ಮ ಜಗಳ ಕೇಳುತ್ತಾ ನಿಂತರು. ಹೊಸ ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದರು. ತಿರುಗಿ ನಿಂತು ಹೇಳಿದರು:

"ಮಾಷ್ಟ್ರೆ, ಈ ವರ್ಷ ನಮಗೆ ಇದೇ ಪ್ರಸಂಗ ಸಾಕು."

"ಯಾವುದು?"

"ಕಂಗು-ಮೀಸೆ ಸಂವಾದ. ನೀವು ಕಂಗು, ಹಸನಬ್ಬ ಮೀಸೆ. ಭಾಗವತರ ಹತ್ರ ನಾನು ಮಾತಾಡ್ತೇನೆ, ಅವರಿಗೂ ಕ್ರಿಕೆಟ್ಟಿನ ಮರ್ಲು ಉಂಟು."

ನಾನು ಬೇಡವೆನ್ನಬೇಕಿತ್ತು. ಎನ್ನಲಿಲ್ಲ. ಅರ್ಥ ಹೇಳಬೇಕೆಂಬ ಆಸೆ ನಮ್ಮ ಕಡೆ ಪ್ರತಿಯೊಬ್ಬ ಮೇಷ್ಟರಿಗೂ ಇರುತ್ತದೆ. ಹಸನಬ್ಬನಂತೂ ಶಾಲೆಯಲ್ಲಿದ್ದಾಗಲೇ ಅರ್ಥ ಹೇಳಿ ಚಪ್ಪಾಳೆ ಗಿಟ್ಟಿಸಿದವನು. ಗೌಡರು ಹೋದ ಮೇಲೆ ಅವನು ಮೆಲ್ಲ ಹೇಳಿದ: "ನೋಡು, ಅಲ್ಲಿ ನಾನು ಸುಮ್ನೆ ಕೂರುದಿಲ್ಲ. ಆ ಬಾಲಿನ ವಿಷಯ ಎತ್ತಿದ್ರೆ ಕಂಬ ತರ್ತೇನೆ."

"ತಾ," ಎಂದೆ. ಮನೆಗೆ ಬಂದು ಕುಳಿತೆ, ಕೂತಲ್ಲಿ ಕೂರಲಾಗಲಿಲ್ಲ. ಹೋಗುವುದು ಒಂದು ಎಸೆತದ ಕತೆಯಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ನಾನು ಅತ್ಯಂತ ಸ್ಪಷ್ಟವಾಗಿ ಕಂಡದ್ದೇ ಕಾಣದ್ದಾದರೆ, ಉಳಿದ ನೆನಪುಗಳ ಗತಿಯೇನು? ಅಪ್ಪ ನನ್ನನ್ನು ಮೊದಲ ಸಲ ಶಾಲೆಗೆ ಹೆಗಲ ಮೇಲೆ ಹೊತ್ತುಕೊಂಡು ಹೋದದ್ದು? ಸರೋಜ ಮದುವೆಯ ಮಂಟಪದಲ್ಲಿ ನನ್ನ ಕಡೆ ನೋಡಿ ನಕ್ಕದ್ದು? ಈ ಕೊನೆಯದನ್ನು ಅವಳ ಹತ್ತಿರ ಕೇಳಿಯೂ ಬಿಟ್ಟೆ. "ನಕ್ಕದ್ದಲ್ಲ, ಹೋಮದ ಹೊಗೆಗೆ ಕಣ್ಣು ಉರಿದದ್ದು," ಎಂದಳು. ಒಂದೇ ವಾರದಲ್ಲಿ ಎರಡು ವಿಕೆಟ್ಟು.

ಅಂತರ್ಜಾಲದಲ್ಲಿ ಹುಡುಕಿದೆ. ಸ್ಕೋರು ಸಿಕ್ಕಿತು. ಆ ಇನಿಂಗ್ಸಿನಲ್ಲಿ ಕಂಗು ಇಬ್ಬರನ್ನು ಬೌಲ್ಡ್ ಮಾಡಿದ್ದಾನೆ. ನನ್ನ ಎಸೆತ ಇವರಲ್ಲಿ ಯಾರದ್ದು? ತಿಳಿಯದು. ಚೆಂಡು ಒಳಗೆ ಬಂತೇ, ಹೊರಗೆ ಹೋಯಿತೇ? ಸ್ಕೋರು ಹೇಳುವುದಿಲ್ಲ. ಆ ಪಂದ್ಯದ ವಿಡಿಯೋ ಸಿಗಲಿಲ್ಲ. ಸಂಖ್ಯೆಗಳಿಗಿರುವ ಮರ್ಯಾದೆಯೇ ಇದು. ತಮಗೆ ಗೊತ್ತಿಲ್ಲದ್ದನ್ನು ಅವು ಹೇಳುವುದಿಲ್ಲ. ನಾನು ಹಾಗೆ ಬದುಕಿದವನಲ್ಲ.

ಭಾನುವಾರ ಮಧ್ಯಾಹ್ನ ವಾಚನಾಲಯದ ಎದುರಿನ ಚಪ್ಪರದಲ್ಲಿ ಕುರ್ಚಿಗಳು ಸಾಲಲಿಲ್ಲ. ಕೊಯಿಲದಿಂದ, ಇಚಿಲಂಪಾಡಿಯಿಂದಲೂ ಜನ ಬಂದಿದ್ದರು. ಅಂಡರ್ ಆರ್ಮ್ ತಂಡಗಳು ಬಣ್ಣದ ಅಂಗಿಯಲ್ಲೇ ಬಂದು ಕುಳಿತಿದ್ದವು. ಭಾಗವತರು ಗಂಭೀರವಾಗಿ ಜಾಗಟೆ ಬಡಿದು, ವೇಗದ ಬೌಲರ್ ಓಡಿ ಬರುವುದನ್ನು ಯುದ್ಧದ ತಾಳಕ್ಕೆ ಕೂರಿಸಿ ಹಾಡಿದರು. ಚೆಂಡೆಯವನು ಓಟದ ಹೆಜ್ಜೆಗಳನ್ನು ನುಡಿಸಿ, ಕೈ ಎತ್ತುವಲ್ಲಿ ನಿಲ್ಲಿಸಿದ. ಆ ಮೌನಕ್ಕೇ ಜನ ಚಪ್ಪಾಳೆ ಹೊಡೆದರು. ಸರೋಜ ಎದುರಿನ ಸಾಲಿನಲ್ಲಿದ್ದಳು. ನನಗೆ ಬಾಯಿ ಒಣಗಿತ್ತು. ನಳ್ಳಿ ಎಲ್ಲಿಯೂ ಇರಲಿಲ್ಲ.

ಮೊದಲ ಮಾತು ಹಸನಬ್ಬನದು. ಅಂಗಡಿಯ ಹಸನಬ್ಬ ಅಲ್ಲಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಮೀಸೆಯನ್ನು ಹುರಿಮಾಡಿ ಕುಳಿತವನು ಮೀಸೆಯೇ. "ಎಲೈ ಕಂಗುವೇ, ನಿನ್ನ ಕೀರ್ತಿಯನ್ನು ಕೇಳಿದ್ದೇನೆ. ಆದರೆ ನಿನ್ನ ಜೊತೆಗೆ ಮೂವರು ವೀರರು ಬಂದರಲ್ಲ! ಈ ತುದಿಯಿಂದ ನೀನು, ಆ ತುದಿಯಿಂದ ಅವರು. ದಾಂಡಿಗನಿಗೆ ಉಸಿರು ಬಿಡಲು ಬಿಡದಿದ್ದದ್ದು ನಿನ್ನ ಪರಾಕ್ರಮವೋ, ನಿಮ್ಮ ಸಂಖ್ಯೆಯೋ? ನನ್ನನ್ನು ನೋಡು. ಚೆಂಡು ಮೊಣಕಾಲಿನಿಂದ ಮೇಲೇಳದ ನೆಲದಲ್ಲಿ, ತಲೆಯ ಮೇಲೆ ಸುಡುವ ಸೂರ್ಯನನ್ನು ಹೊತ್ತು, ಒಬ್ಬನೇ ದುಡಿದೆ. ನನ್ನ ಕೈ ಎಷ್ಟು ಸಲ ತಿರುಗಿತೆಂದು ಗಾಣದ ಎತ್ತಿಗೆ ಮಾತ್ರ ಗೊತ್ತಾದೀತು!"

ಚಪ್ಪಾಳೆ. ನಾನು ಗಂಟಲು ಸರಿಮಾಡಿಕೊಂಡೆ. "ಅಯ್ಯಾ ಮೀಸೆ, ದೀರ್ಘಕಾಲ ನಡೆದದ್ದೇ ದೊಡ್ಡತನವಾದರೆ ಆಮೆಯೇ ಜಗತ್ತಿನ ಶ್ರೇಷ್ಠ ವೇಗದ ಬೌಲರ್ ಆಗಬೇಕು. ಮೂವರು ಜೊತೆಗಾರರೆಂದೆ. ಹೌದು, ಊಟಕ್ಕೂ ನಾಲ್ವರು ಕುಳಿತೆವು! ಇರುವುದು ಹತ್ತು ವಿಕೆಟ್ಟು. ಅದು ನಾಲ್ಕು ಪಾಲಾದ ಮೇಲೂ ನನ್ನ ಎಲೆಯಲ್ಲಿ ಇಷ್ಟು ಉಳಿದಿದ್ದರೆ ನನ್ನ ಹಸಿವು ಎಂಥದ್ದಿರಬೇಕು?"

ಇದಕ್ಕೆ ಬಣ್ಣದ ಅಂಗಿಗಳು ಸೀಟಿ ಹೊಡೆದವು. ಮಾತು ಹತ್ತಿತು. ಪಿಚ್ಚು, ಬಿಸಿಲು, ಸರಾಸರಿ, ಗಾಯ, ಪರದೇಶದಲ್ಲಿ ಗೆದ್ದದ್ದು, ತಾಯ್ನೆಲದಲ್ಲಿ ಸೋತದ್ದು, ಪ್ರಾಯ ಕಳೆದು ವೇಗ ಇಳಿದ ಮೇಲೆ ಬುದ್ಧಿಯಿಂದ ವಿಕೆಟ್ಟು ತೆಗೆದದ್ದು, ಎಲ್ಲವೂ ಬಂತು. ನಡುವೆ ಒಂದು ವಿಚಿತ್ರ ನಡೆಯುತ್ತಿತ್ತು. 'ನಾನು' ಎಂದು ಹೇಳುತ್ತಾ ಹೇಳುತ್ತಾ ನನ್ನ ಹೆಗಲಿಗೆ ನಿಜವಾಗಿಯೂ ಒಂದು ಬಲ ಬಂದಂತಾಗಿತ್ತು. ಆ ಹುಮ್ಮಸ್ಸಿನಲ್ಲಿ ಬಾಯಿ ಜಾರಿತು. "ಮೀಸೆ, ಬೆಂಗಳೂರಿನಲ್ಲಿ ನಿಮ್ಮವನೇ ಒಬ್ಬನ ಸ್ಟಂಪನ್ನು ಪಲ್ಟಿ ಹೊಡೆಸಿದೆನಲ್ಲ, ಅದೊಂದು ಸಾಲದೇ?" ಎಂದೆ.

ಹಸನಬ್ಬ ಮುಂದಕ್ಕೆ ಬಾಗಿದ. "ಓಹೋ! ಆ ಎಸೆತವೇ? ಹೇಳು ಹಾಗಾದರೆ. ಚೆಂಡು ಒಳಗೆ ಬಂತೋ, ಹೊರಗೆ ಹೋಯಿತೋ? ನೋಡಿದವರು ತಪ್ಪಬಹುದು. ಎಸೆದವನಿಗೆ ಗೊತ್ತಿರಬೇಕಲ್ಲ!"

ನಾನು ಬಾಯಿ ತೆರೆದೆ. ಒಳಗೆ ಎಂದರೆ ಹುಬ್ಬು ಏಳುತ್ತದೆ. ಹೊರಗೆ ಎಂದರೆ ಕಂಬ ಬರುತ್ತದೆ. ಮದ್ದಳೆಯವನು ನನ್ನ ಸಹಾಯಕ್ಕೆಂದು ಮೆಲ್ಲ ಎರಡು ಪೆಟ್ಟು ಹಾಕಿದ. ಎದುರು ಸಾಲಿನಲ್ಲಿ ಸರೋಜ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟು: "ಮೀಸೆ, ಕೈಯಿಂದ ಬಿಡುವವರೆಗೆ ಮಾತ್ರ ಚೆಂಡು ನನ್ನದು. ಆಮೇಲೆ ಅದು ಎಲ್ಲಿ ಹೋಯಿತೆಂದು ನನಗೆ ಗೊತ್ತಿಲ್ಲ."

ನಾನು ಸೋಲೊಪ್ಪಿಕೊಂಡಿದ್ದೆ. ಜನ ಅದನ್ನು ವೇದಾಂತ ಎಂದುಕೊಂಡರು. ಚಪ್ಪಾಳೆ ನಿಲ್ಲಲಿಲ್ಲ. ಅದು ನಿಲ್ಲುವುದನ್ನೇ ಹಸನಬ್ಬ ಕಾಯುತ್ತಿದ್ದ. ಈಗ ತರುತ್ತಾನೆ ಕಂಬವನ್ನು, ಎಂದು ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಸರಿ. ಚೆಂಡಿನ ಮಾತು ಬಿಡೋಣ. ನೀನು ಓಡಿ ಬರುವುದನ್ನು ನಾನು ನೋಡಿದ್ದೇನೆ. ಅದಕ್ಕೆ ಸಾಕ್ಷಿ ಬೇಡ. ಬೌಂಡರಿಯ ಹತ್ತಿರದಿಂದ ಹೊರಡುತ್ತಿದ್ದೆ. ಅಷ್ಟು ದೊಡ್ಡ ಆಳು, ಹುಲ್ಲಿನ ಮೇಲೆ ಸದ್ದಿಲ್ಲ. ಕೂಗುತ್ತಿದ್ದ ಅಷ್ಟೂ ಜನ ನೀನು ಅರ್ಧ ದಾರಿ ಬರುವಾಗ ಕೂಗುವುದನ್ನು ಮರೆಯುತ್ತಿದ್ದರು. ನಾನು ನಿನ್ನ ಎದುರಾಳಿ. ಆದರೂ ಹೇಳುತ್ತೇನೆ, ಅಷ್ಟು ಚೆಂದದ್ದನ್ನು ನಾನು ಮತ್ತೆ ಎಲ್ಲಿಯೂ ಕಂಡಿಲ್ಲ, ಕಡಲಾಚೆ ಕೂಡ."

ಅದು ನಿಜವಾಗಿತ್ತು. ಅಕ್ಷರ ಅಕ್ಷರ ನಿಜ. ಮರೆತೇ ಹೋಗಿದ್ದ ಆ ಮೌನ ನನಗೆ ಆಗ ನೆನಪಾಯಿತು. ಇಷ್ಟು ವರ್ಷ ನಾನು ಎಸೆತವನ್ನು ಹೇಳುವ ಆತುರದಲ್ಲಿ ಓಟವನ್ನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಿಜವಾಗಿ ಕಂಡದ್ದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತಿದ್ದೆ. ನಾನು ಎದ್ದು, ಪ್ರಸಂಗದಲ್ಲಿ ಇಲ್ಲದಿದ್ದರೂ, ಮೀಸೆಗೆ ಕೈ ಮುಗಿದೆ. "ಅಣ್ಣಾ, ನಾನು ನಾಲ್ಕರಲ್ಲಿ ಒಬ್ಬ. ನೀನು ಒಬ್ಬನೇ ನಾಲ್ಕು," ಎಂದೆ. ಭಾಗವತರು ಮಂಗಳ ಹಾಡಿಬಿಟ್ಟರು. ಅವರಿಗೆ ಚಹಾದ ಹೊತ್ತಾಗಿತ್ತು.

ಕೊಯಿಲದ ಒಬ್ಬರು ಬಂದು ನನ್ನ ಕೈ ಕುಲುಕಿ, "ನಿಮ್ಮ ಬೌಲಿಂಗ್ ಭಾರಿ ಲಾಯ್ಕಾಯಿತು ಮಾಷ್ಟ್ರೆ," ಎಂದರು. ಎರಡು ವಾರ ಕಳೆಯುವಾಗ ನಾನೇ ಬೆಂಗಳೂರಿನಲ್ಲಿ ಯಾರನ್ನೋ ಬೌಲ್ಡ್ ಮಾಡಿದ್ದೇನೆ ಎಂಬ ಸುದ್ದಿ ಕಡಬದ ತನಕ ಹೋಗಿತ್ತು. ನೆನಪು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ತರಗತಿಯಲ್ಲಿ ಇಂಥ ಉದಾಹರಣೆ ಸಿಕ್ಕಿರಲಿಲ್ಲ.

ಚಪ್ಪರದಿಂದ ಪೇಟೆಗೆ ನಡೆಯುವಾಗ ಹಸನಬ್ಬನನ್ನು ಕೇಳಿದೆ. "ಕಂಬ ಯಾಕೆ ತರಲಿಲ್ಲ?"

"ನಿನ್ನ ಮುಖ ನೋಡಿ ಪಾಪ ಕಂಡಿತು. ಮತ್ತೆ, ಒಂದು ವಿಷಯ ಉಂಟು ಮಾರಾಯ. ಗಲ್ಫಲ್ಲಿ ರೂಮಲ್ಲಿ ನಾವು ಸುಮಾರು ಜನ ಇದ್ದೆವಲ್ಲ, ಶುಕ್ರವಾರ ರಜೆ. ಎಲ್ರೂ ಅವರವರ ಊರಿನ ಕತೆ ಹೇಳುದು. ನಾನು ಆ ಬಾಲಿನ ಕತೆ ಹೇಳ್ತಿದ್ದೆ."

"ಕಂಬ ಸಮೇತ?"

"ಕಂಬ ಹೇಳಿದ್ರೆ ಯಾರು ಕೇಳ್ತಾರೆ? ಕಂಬ ಇಲ್ಲದೆ. ನನ್ನ ಕತೆಯಲ್ಲಿ ಅದು ಹೊರಗೆ ಹೋಗುವ ಬಾಲು. ಭಾರಿ ಸ್ವಿಂಗು."

ನಾನು ದಾರಿಯಲ್ಲೇ ನಿಂತು ನಕ್ಕೆ. ಅವನೂ ನಕ್ಕ. ಆದರೆ ಮನೆ ತಲುಪುವಷ್ಟರಲ್ಲಿ ನನ್ನೊಳಗಿನ ತರ್ಕಶಾಸ್ತ್ರಿ ಎದ್ದು ಕುಳಿತಿದ್ದ. ಹಸನಬ್ಬನೂ ಕಂಬವಿಲ್ಲದ ಕತೆ ಹೇಳಿದ್ದಾನೆ. ಹಾಗಾದರೆ ಅವನ ಮೊದಲ ನೆನಪಿನಲ್ಲಿ ಕಂಬವೇ ಇರಲಿಲ್ಲ, ಅದು ಆಮೇಲೆ ಎಲ್ಲಿಂದಲೋ ಹುಟ್ಟಿದ್ದು, ಎಂದೇಕೆ ಆಗಬಾರದು? ನಳ್ಳಿಯ ವಿಷಯದಲ್ಲಿ ತಪ್ಪಿದವನು ಕಂಬದ ವಿಷಯದಲ್ಲಿ ಏಕೆ ತಪ್ಪಬಾರದು? ಮೀಸೆಯ ಮುಂದೆ ನಾನು ವೃಥಾ ಕೈ ಮುಗಿದೆನೇ? ಆಸೆ ಮತ್ತೆ ಚಿಗುರಿತು.

ಮೊನ್ನೆ ಸರೋಜಳ ತಮ್ಮನ ಮಗಳ ಮದುವೆಗೆ ಬೆಂಗಳೂರಿಗೆ ಹೋದೆವು. ಮುಹೂರ್ತಕ್ಕೆ ಹೊತ್ತಿತ್ತು. ಒಂದು ಸಣ್ಣ ಕೆಲಸ ಉಂಟು ಎಂದು ಹೇಳಿ ಹೊರಟೆ. "ಗ್ಯಾಸು ಆರಿಸಿ ಬಂದದ್ದು ನಾನೇ, ಊರಿಗೆ ಹೋಗ್ಬೇಡಿ," ಎಂದಳು. ಸ್ಟೇಡಿಯಮ್ಮಿನಲ್ಲಿ ರಾಜ್ಯ ತಂಡಗಳ ಯಾವುದೋ ಪಂದ್ಯ ನಡೆಯುತ್ತಿತ್ತು. ಟಿಕೇಟಿಲ್ಲ, ಜನವೂ ಇಲ್ಲ. ಮೆಟ್ಟಿಲು ಹತ್ತಿ, ಹೆಚ್ಚು ಅಲೆಯದೆ ಸಾಲು ಮುಗಿಯುವ ಮೂಲೆ ಹುಡುಕಿದೆ. ಗೋಡೆ ಸಿಕ್ಕಿತು. ಬೆನ್ನು ಕೊಟ್ಟು ಕುಳಿತೆ. ಕಣ್ಣು ಮುಚ್ಚಿಕೊಂಡಿದ್ದೆ. ತೆರೆಯುವ ಮೊದಲು ಹಸನಬ್ಬನಿಗೆ ಫೋನು ಮಾಡಿದೆ.

"ಎಲ್ಲಿದ್ದಿ ಮಾಷ್ಟ್ರೆ?"

"ನಮ್ಮ ಜಾಗದಲ್ಲಿ."

ಅವನಿಗೆ ಕೂಡಲೇ ಅರ್ಥವಾಯಿತು. ಆ ಕಡೆ ಚಪ್ಪಲಿಯ ಡಬ್ಬಿ ಕೆಳಗಿಟ್ಟ ಸದ್ದು ಕೇಳಿತು. ನಾನು ಕಣ್ಣು ತೆರೆದೆ. ಮೈದಾನದ ಆ ತುದಿಯಿಂದ ಯಾರೋ ಉದ್ದದ ಬೌಲರ್ ಓಡಿ ಬರಲು ತೊಡಗಿದ್ದ. ಚೆಂದದ ಓಟ. ಅರ್ಧ ದಾರಿ ಬಂದ. ಕೈ ಎತ್ತಲು ಹೊರಟ. ಆಗ ನಾನು ಯೋಚಿಸುವ ಮೊದಲೇ ನನ್ನ ಕತ್ತು ತಾನಾಗಿ, ಬಹಳ ಹಳೆಯ ಅಭ್ಯಾಸದ ಹಾಗೆ, ಎಡಕ್ಕೆ ವಾಲಿತು. ವಾಲಿದರೂ ಪ್ರಯೋಜನವಾಗಲಿಲ್ಲ.

"ನಳ್ಳಿ ಉಂಟಾ?" ಎಂದು ಹಸನಬ್ಬ ಆತುರದಿಂದ ಕೇಳಿದ.

ಬಲಕ್ಕೆ ನೋಡಿದೆ. ಗೋಡೆಯಲ್ಲಿ ನಳ್ಳಿ ಇದ್ದ ಗುರುತೂ ಇರಲಿಲ್ಲ. ಎದುರಿಗೆ ನೋಡಿದೆ.

"ನಳ್ಳಿ ಇಲ್ಲ ಮಾರಾಯ," ಎಂದೆ. "ಕಂಬ ಉಂಟು."